ಮಾತುಕತೆಯನ್ನು ಕಡತವಾಗಿಸುವ ಎಐ ಸ್ಕಿಲ್: ಕಾಸರಗೋಡಿನ ಜಗಲಿಯಲ್ಲಿ ಒಂದು ಹೋಲಿಕೆ

ಬದಿಯಡ್ಕದ ಸಮೀಪದ ನಮ್ಮ ಊರಿನಲ್ಲಿ ಅಡಿಕೆ ಕೃಷಿಕರ ಸಣ್ಣದೊಂದು ಕೂಟವಿದೆ; ಅದರ ನಡಾವಳಿ ಪುಸ್ತಕ ಬರೆಯುವ ಹೊಣೆ ಕೆಲವು ವರ್ಷಗಳಿಂದ ನನ್ನದು. ಸಭೆಯೆಂದರೆ ಯಾರದಾದರೂ ಮನೆಯ ಜಗಲಿಯಲ್ಲಿ ಕುಳಿತು ಆಡುವ ಮಾತು. ಒಬ್ಬರು ಕನ್ನಡದಲ್ಲಿ ಆರಂಭಿಸಿದ್ದನ್ನು ಇನ್ನೊಬ್ಬರು ತುಳುವಿನಲ್ಲಿ ಮುಂದುವರಿಸುತ್ತಾರೆ, ಮೂರನೆಯವರು ಮಲಯಾಳದಲ್ಲಿ ಉತ್ತರಿಸುತ್ತಾರೆ, ನಡುವೆ ಹವ್ಯಕ ಕನ್ನಡದಲ್ಲಿ ಒಂದು ಆಕ್ಷೇಪ ಬರುತ್ತದೆ; ಯಾರ ಮಾತೂ ಯಾರಿಗೂ ತಿಳಿಯದೆ ಉಳಿಯುವುದಿಲ್ಲ. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಹೇಳುವುದು ಇಲ್ಲಿನ ಜಗಲಿಗಳಲ್ಲಿ ದಿನನಿತ್ಯದ ಸಂಗತಿ. ಇಂತಹ ಮಾತುಕತೆಯನ್ನು ಎಐ ಏಜೆಂಟಿಗೆ, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡಿಕೊಡುವ ಎಐಗೆ, ಕೊಟ್ಟು ಅಚ್ಚುಕಟ್ಟಾದ ಕಡತವನ್ನು ಪಡೆಯಬಹುದೇ, ಪಡೆಯುವುದಾದರೆ ಯಾವ ಸ್ಕಿಲ್ಲನ್ನು ನೆಚ್ಚಬೇಕು ಎಂದು ವಾಚನಾಲಯಗಳಲ್ಲಿ, ಸಹಕಾರಿ ಸಂಘಗಳಲ್ಲಿ, ಶಾಲೆಗಳ ರಕ್ಷಕ–ಶಿಕ್ಷಕ ಸಂಘಗಳಲ್ಲಿ ಕೆಲಸ ಮಾಡುವ ಗೆಳೆಯರು ಈಚೆಗೆ ಕೇಳುತ್ತಿದ್ದಾರೆ. ಕಡತವಾಗಿಸುವ ನಾಲ್ಕು ದಾರಿಗಳನ್ನು ಹೋಲಿಸಿ ನೋಡಿದ ಮೇಲೆ ನನಗೆ ತೋರಿದ್ದನ್ನು ಇಲ್ಲಿ ಬರೆದಿದ್ದೇನೆ.

ಸ್ಕಿಲ್ ಎಂಬುದು ಯಾವುದೋ ಹೊಸ ಯಂತ್ರವಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಆಂತ್ರೋಪಿಕ್ ಕಂಪನಿ 2025ರ ಅಕ್ಟೋಬರಿನಲ್ಲಿ ಇದನ್ನು ಪ್ರಕಟಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇದರ ವಿನ್ಯಾಸವನ್ನು ಎಲ್ಲರೂ ಬಳಸಬಹುದಾದ ಮುಕ್ತ ಮಾನದಂಡವಾಗಿ ಬಿಟ್ಟುಕೊಟ್ಟಿತು. ಸ್ಕಿಲ್ ಎಂದರೆ ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಏಜೆಂಟಿಗೆ ತಿಳಿಸುವ ಸೂಚನೆಗಳ ಒಂದು ಫೋಲ್ಡರ್. ಅದರೊಳಗೆ ಸ್ಕಿಲ್ ಡಾಟ್ ಎಂಡಿ ಎಂಬ ಹೆಸರಿನ ಪಠ್ಯದ ಫೈಲ್ ಇರುತ್ತದೆ. ಬೇಕಿದ್ದರೆ ಮಾದರಿ ನಮೂನೆಗಳೂ ಸಣ್ಣ ಪ್ರೋಗ್ರಾಂಗಳೂ ಇರುತ್ತವೆ. ಫೈಲಿನ ತಲೆಯಲ್ಲಿ ಸ್ಕಿಲ್ಲಿನ ಹೆಸರು ಮತ್ತು ಗರಿಷ್ಠ 1024 ಅಕ್ಷರಗಳ ಒಂದು ವಿವರಣೆ ಇರುತ್ತವೆ. ಏಜೆಂಟ್ ಮೊದಲಿಗೆ ಓದಿಕೊಳ್ಳುವುದು ಇವೆರಡನ್ನು ಮಾತ್ರ. ನಾವು ಕೇಳಿದ ಕೆಲಸಕ್ಕೆ ಆ ವಿವರಣೆ ಹೊಂದುತ್ತದೆ ಎಂದು ಕಂಡಾಗ ಮಾತ್ರ ಉಳಿದ ಸೂಚನೆಗಳನ್ನು ತೆರೆದು ಓದುತ್ತದೆ. ಆದ್ದರಿಂದ ಸ್ಕಿಲ್ಲಿನ ಗುಣವೆಂದರೆ ಬಹುಪಾಲು ಅದರೊಳಗೆ ಬರೆದಿಟ್ಟ ಸೂಚನೆಗಳ ಗುಣ. ಅವುಗಳನ್ನು ಯಾರು ಬೇಕಾದರೂ ತೆರೆದು ಓದಬಹುದು, ಓದಿಯೇ ಆರಿಸಬೇಕು.

ಇನ್ನೊಂದು ವಿಷಯವನ್ನೂ ಬಿಡಿಸಿಟ್ಟುಕೊಳ್ಳಬೇಕು. ಸ್ಕಿಲ್ ಕಿವಿಗೊಟ್ಟು ಕೇಳುವುದಿಲ್ಲ, ಪಠ್ಯವನ್ನು ಓದುತ್ತದೆ. ಧ್ವನಿಯನ್ನು ಅಕ್ಷರಕ್ಕಿಳಿಸುವುದು ಬೇರೆಯೇ ಕೆಲಸ. ಆ ಕೆಲಸದಲ್ಲಿ ನಮ್ಮ ಕಡೆಯವರಿಗೆ ದೊಡ್ಡ ತೊಡಕಿದೆ. 2022ರಲ್ಲಿ ಓಪನ್ಎಐ ಹೊರತಂದ ವಿಸ್ಪರ್ ಕನ್ನಡವನ್ನೂ ಮಲಯಾಳವನ್ನೂ ಬರೆದುಕೊಡುತ್ತದೆ, ಆದರೆ ಅದರ ಭಾಷಾಪಟ್ಟಿಯಲ್ಲಿ ತುಳುವಿಲ್ಲ. ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಕೊಂಕಣಿ ಇದೆ, ಮರಾಠಿ ಇದೆ, ಉರ್ದು ಇದೆ, ತುಳುವೂ ಬ್ಯಾರಿಯೂ ಇಲ್ಲ. ಆ ಪಟ್ಟಿಯನ್ನೇ ಗುರಿಯಾಗಿಟ್ಟು ಕಟ್ಟಿದ ಧ್ವನಿ ಸಾಧನಗಳು ನಮ್ಮ ಜಗಲಿಯ ಅರ್ಧ ಮಾತಿಗೆ ಕಿವುಡಾಗುತ್ತವೆ. ಕಡತದಲ್ಲಿ ಕಂಡ ತಪ್ಪು ಸ್ಕಿಲ್ಲಿನದೋ ಧ್ವನಿ ಬರಹದ್ದೋ ಎಂದು ತಿಳಿಯದೆ ಎರಡನ್ನೂ ಒಟ್ಟಿಗೆ ದೂರುವವರನ್ನು ನಾನು ಕಂಡಿದ್ದೇನೆ. ಪರೀಕ್ಷಿಸುವಾಗ ಅದೇ ಮಾತುಕತೆಯನ್ನು ಒಮ್ಮೆ ಕೈಯಾರೆ ಬರೆದು ಕೊಡಬೇಕು, ಇನ್ನೊಮ್ಮೆ ಯಂತ್ರ ಬರೆದುಕೊಟ್ಟಂತೆಯೇ ಕೊಡಬೇಕು. ಎರಡು ಫಲಿತಾಂಶಗಳ ನಡುವಿನ ವ್ಯತ್ಯಾಸದಲ್ಲಿ ತಪ್ಪು ಎಲ್ಲಿಯದು ಎಂಬುದು ಕಾಣುತ್ತದೆ. ಐವತ್ತು ನಿಮಿಷದ ಮಾತನ್ನು ಕೈಯಾರೆ ಬರೆಯಲು ನನಗೆ ಎರಡು ಸಂಜೆ ಬೇಕಾಯಿತು, ಆ ಶ್ರಮ ವ್ಯರ್ಥವಾಗಲಿಲ್ಲ.

ನಾಲ್ಕು ದಾರಿಗಳು

ಮೊದಲನೆಯದು ಯಾವ ಸ್ಕಿಲ್ಲೂ ಇಲ್ಲದೆ, ಮಾತುಕತೆಯ ಪಠ್ಯವನ್ನು ಅಂಟಿಸಿ, "ಇದನ್ನು ನಡಾವಳಿಯಾಗಿ ಬರೆದುಕೊಡು" ಎಂದು ಪ್ರತಿ ಸಲವೂ ಕೇಳುವುದು, ಅಂದರೆ ಬರಿಯ ಪ್ರಾಂಪ್ಟ್. ಎರಡನೆಯದು ಸಭೆಯನ್ನು ರೆಕಾರ್ಡ್ ಮಾಡುವ ಆ್ಯಪ್ ತಾನಾಗಿಯೇ ಕೊಡುವ ಸಾರಾಂಶ. ಮೂರನೆಯದು ಬೇರೆಯವರು ಬರೆದು ಪ್ರಕಟಿಸಿರುವ ಸಿದ್ಧ ಸ್ಕಿಲ್. ಇವುಗಳಲ್ಲಿ ಹೆಚ್ಚಿನವು ಮಾತುಕತೆಯನ್ನು ನಿರ್ಣಯ, ಕಾರ್ಯವಿಧಾನ, ಪ್ರಶ್ನೋತ್ತರ, ಪದವಿವರಣೆ ಎಂದು ವಿಂಗಡಿಸಿ, ಒಂದೊಂದಕ್ಕೂ ಒಂದೊಂದು ನಮೂನೆಯನ್ನು ಬಳಸಿ, ಯಾವುದಾದರೂ ಟಿಪ್ಪಣಿ ಸೇವೆಯೊಳಗೆ ಪುಟಗಳಾಗಿ ಸೇರಿಸುತ್ತವೆ. ನಾಲ್ಕನೆಯದು ನಮ್ಮ ಅಗತ್ಯಕ್ಕೆ ನಾವೇ ಬರೆದುಕೊಳ್ಳುವ ಸ್ಕಿಲ್.

ರೆಕಾರ್ಡಿಂಗ್ ಆ್ಯಪಿನ ಸಾರಾಂಶವನ್ನು ಇಲ್ಲಿಯೇ ಬದಿಗಿಡುತ್ತೇನೆ. ಎಲ್ಲರೂ ಒಂದೇ ಭಾಷೆಯಲ್ಲಿ, ಒಬ್ಬರಾದ ಮೇಲೆ ಒಬ್ಬರಂತೆ ಮಾತನಾಡುವ ಕಚೇರಿಯ ಸಭೆಗೆ ಅದು ಸಾಕಾದೀತು. ಅದರ ಒಳಗಿನ ಸೂಚನೆಗಳನ್ನು ನಾವು ನೋಡುವಂತಿಲ್ಲ, ತಿದ್ದುವಂತಿಲ್ಲ. ಇಲ್ಲಿನ ಬಳಕೆಗೆ ಅದು ಹೊಂದುವುದಿಲ್ಲ.

ಉಳಿದ ಮೂರನ್ನು ಅಳೆಯಲು ನಾನು ಜನವರಿಯ ಒಂದು ಸಭೆಯ ಮಾತುಕತೆಯನ್ನು ಆರಿಸಿಕೊಂಡೆ. ಯಾವ ಎಐಗೂ ಕೊಡುವ ಮೊದಲು ನನ್ನ ಉತ್ತರಪತ್ರಿಕೆಯನ್ನು ನಾನೇ ಬರೆದು ಮಡಚಿಟ್ಟೆ. ಆ ದಿನ ತೀರ್ಮಾನವಾದದ್ದು ಎರಡು ವಿಷಯ: ನೀರಿಗಾಗಿ ಗುಡ್ಡಕ್ಕೆ ಕೊರೆದ ಹಳೆಯ ಸುರಂಗದ ಬಾಯಿಯನ್ನೂ ನೀರು ಹರಿಯುವ ಕಾಲುವೆಯನ್ನೂ ವಿಷುವಿನ ಮೊದಲು ಶುಚಿಮಾಡುವುದು, ಮಳೆಗಾಲದ ಮದ್ದಿಗೆ ಬೇಕಾದ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) ಎಲ್ಲರೂ ಒಟ್ಟಾಗಿ ಖರೀದಿಸುವುದು. ತೀರ್ಮಾನವಾಗದೆ ಉಳಿದದ್ದು ಮೂರು. ಇವಲ್ಲದೆ ಆ ಮದ್ದು, ಅಂದರೆ ಬೋರ್ಡೋ ದ್ರಾವಣ, ಮಾಡುವ ಕ್ರಮದ ಬಗ್ಗೆ ಒಂದು ವಿವರಣೆ ಇತ್ತು, ಸುರಂಗ ತೋಡಿದ ಕಾಲದ ಬಗ್ಗೆ ಹಿರಿಯರೊಬ್ಬರ ನೆನಪುಗಳಿದ್ದವು. ಉತ್ತರಪತ್ರಿಕೆಯನ್ನು ಮೊದಲೇ ಬರೆದಿಡುವುದು ಅತ್ಯಗತ್ಯ. ಯಂತ್ರ ಬರೆದದ್ದನ್ನು ಮೊದಲು ಓದಿದರೆ ಅದರ ಓರಣಕ್ಕೆ ನಮ್ಮ ನೆನಪೂ ಒಗ್ಗಿಕೊಂಡುಬಿಡುತ್ತದೆ. ಆಗ ಬಿಟ್ಟುಹೋದದ್ದು ಬಿಟ್ಟುಹೋಗಿದೆ ಎಂದೇ ಹೊಳೆಯುವುದಿಲ್ಲ.

"ನೋಡುವ" ಎಂದರೆ ಏನು?

ಸುರಂಗದ ನೀರನ್ನು ತೋಟದ ತೊಟ್ಟಿಗೆ ತರುವ ಪೈಪಿನ ವೆಚ್ಚದಲ್ಲಿ ಕೆಳಗಿನ ಮನೆಯವರೂ ಪಾಲು ಕೊಡಬೇಕು ಎಂಬ ಮಾತು ಬಂದಾಗ ಅವರು "ನೋಡುವ" ಎಂದರು. ಕರಾವಳಿಯ ಕನ್ನಡ ಬಲ್ಲವರಿಗೆ ಇದರ ಅರ್ಥ ತಿಳಿದದ್ದೇ. ಅದು ಒಪ್ಪಿಗೆಯಲ್ಲ, ನಿರಾಕರಣೆಯೂ ಅಲ್ಲ. ಈಗ ಒತ್ತಾಯಿಸಬೇಡಿ ಎಂಬ ಮರ್ಯಾದೆಯ ಮಾತು. ತುಳುವಿನವರು ಅದನ್ನೇ "ತೂಕ" ಎನ್ನುತ್ತಾರೆ, ಮಲಯಾಳದವರು "ನೋಕ್ಕಾಂ" ಎನ್ನುತ್ತಾರೆ. ಮೂರು ಭಾಷೆಗಳಲ್ಲಿಯೂ ದನಿಯ ಏರಿಳಿತ ಕೂಡ ಹೆಚ್ಚುಕಡಿಮೆ ಒಂದೇ.

ನಾನು ಪರೀಕ್ಷಿಸಿದ ಒಂದು ಸಿದ್ಧ ಸ್ಕಿಲ್ ಇದನ್ನು "ವೆಚ್ಚ ಹಂಚಿಕೆಯನ್ನು ಪರಿಶೀಲಿಸಲು ನಿರ್ಧರಿಸಲಾಯಿತು" ಎಂದು ನಿರ್ಣಯಗಳ ಪಟ್ಟಿಗೆ ಸೇರಿಸಿತು, ಅದರ ಮುಂದೆ ಹೊಣೆಗಾರರ ಹೆಸರೆಂದು ಕೆಳಗಿನ ಮನೆಯವರನ್ನೇ ಬರೆಯಿತು. ಅದರ ನಮೂನೆಯನ್ನು ತೆರೆದು ನೋಡಿದಾಗ ಕಾರಣ ತಿಳಿಯಿತು. ನಿರ್ಣಯ, ಹೊಣೆಗಾರರು, ಗಡುವು ಎಂಬ ಮೂರು ಅಂಕಣಗಳು ಅಲ್ಲಿದ್ದವು. ತೀರ್ಮಾನವಾಗದೆ ಉಳಿದದ್ದಕ್ಕೆ ಅಂಕಣವೇ ಇರಲಿಲ್ಲ. ಪಾತ್ರೆಗೆ ತಕ್ಕಂತೆ ನೀರು ನಿಲ್ಲುವ ಹಾಗೆ, ಇರುವ ಅಂಕಣಗಳಿಗೆ ತಕ್ಕಂತೆ ಮಾತು ತಿರುಗಿತು. ಆ ಕಡತ ಹಾಗೆಯೇ ಎಲ್ಲರ ಫೋನಿಗೆ ಹೋಗಿದ್ದರೆ, ಒಪ್ಪದವರ ಮೇಲೆ ಒಪ್ಪಿಗೆಯನ್ನು ಹೊರಿಸಿದಂತಾಗುತ್ತಿತ್ತು. ಸಣ್ಣ ಊರಿನಲ್ಲಿ ಅಂತಹ ಒಂದು ಸಾಲು ಎರಡು ಮನೆಗಳ ನಡುವಿನ ಹೋಗಿಬರುವಿಕೆಯನ್ನೇ ಕೆಡಿಸಬಲ್ಲದು.

ಯಂತ್ರ ಬರೆದ ಪಠ್ಯವನ್ನು ಕೊಟ್ಟಾಗ ಇನ್ನೊಂದು ತಪ್ಪು ಸೇರಿಕೊಂಡಿತು. ತುಳುವಿನ "ತೂಕ" ಕನ್ನಡದ ತೂಕವಾಗಿ, "ತೂಕದ ಬಗ್ಗೆ ಸದಸ್ಯರೊಬ್ಬರು ಪ್ರಸ್ತಾಪಿಸಿದರು" ಎಂಬ ಸಾಲು ಬಂತು. ಕೈಯಾರೆ ಬರೆದ ಪಠ್ಯದಲ್ಲಿ ಇದು ಬರಲಿಲ್ಲವಾದ್ದರಿಂದ ಈ ತಪ್ಪು ಸ್ಕಿಲ್ಲಿನದಲ್ಲ. ಆದರೂ ಮೈಲುತುತ್ತಿನ ಖರೀದಿಯ ಮಾತಿನ ನಡುವೆ ಬಂದ ಆ ಸಾಲು ಎಷ್ಟು ಸಹಜವಾಗಿ ಕೂಡಿಕೊಂಡಿತ್ತೆಂದರೆ, ಸಭೆಯಲ್ಲಿ ಇಲ್ಲದವರು ಯಾರೂ ಅದನ್ನು ಅನುಮಾನಿಸುವಂತಿರಲಿಲ್ಲ.

ಆದ್ದರಿಂದ ಯಾವ ಸ್ಕಿಲ್ಲನ್ನೇ ಪರೀಕ್ಷಿಸುವುದಿದ್ದರೂ ನಾನು ಮೊದಲು ಮಾಡುವ ಪರೀಕ್ಷೆ ಇದು: ಏನೂ ತೀರ್ಮಾನವಾಗದ ಒಂದು ಮಾತುಕತೆಯನ್ನು ಅದಕ್ಕೆ ಕೊಡುವುದು. ಹತ್ತು ನಿಮಿಷ ಚರ್ಚಿಸಿ, ಚಹಾ ಕುಡಿದು, "ನೋಡುವ" ಎಂದು ಎದ್ದು ಹೋದ ಸಭೆ. ಒಳ್ಳೆಯ ಸ್ಕಿಲ್ ಅದರಲ್ಲಿ ನಿರ್ಣಯವಿಲ್ಲ ಎಂದು ಬರೆಯುತ್ತದೆ, ಯಾವ ಯಾವ ಅಭಿಪ್ರಾಯಗಳು ಬಂದವು ಎಂದು ಹೇಳುತ್ತದೆ, ಉಳಿದದ್ದನ್ನು ಖಾಲಿ ಬಿಡುತ್ತದೆ. ಖಾಲಿ ಬಿಡಲು ಬಾರದ ಸ್ಕಿಲ್ ಎಷ್ಟು ಚಂದದ ಪುಟಗಳನ್ನು ಕೊಟ್ಟರೂ ನಡಾವಳಿಗೆ ಸಲ್ಲದು. ಬರಿಯ ಪ್ರಾಂಪ್ಟಿನಲ್ಲಿ ಈ ಪರೀಕ್ಷೆಯ ಫಲ ಒಂದೊಂದು ಸಲ ಒಂದೊಂದು ಬಗೆಯಾಗಿತ್ತು: ಮೂರು ಸಲ ಕೇಳಿದಾಗ ಎರಡು ಸಲ ಸರಿಯಾಗಿ ಬಂತು, ಒಂದು ಸಲ ಇಲ್ಲದ ನಿರ್ಣಯವೊಂದು ಹುಟ್ಟಿಕೊಂಡಿತು. ಒಂದೇ ಪಠ್ಯವನ್ನು ಕನಿಷ್ಠ ಮೂರು ಸಲ ಕೊಟ್ಟು ನೋಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಕೋಲು, ಚೂರಿ, ದೀಪ

ಹಿರಿಯರು ನೆನಪಿನಿಂದ ಹೇಳಿದ ಮಾತಿನಲ್ಲಿ ಸುರಂಗದ ಉದ್ದ ಅರವತ್ತು ಕೋಲು ಎಂದು ಬಂದಿತ್ತು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರಿನ ಒರತೆಯನ್ನು ತಲುಪುವ ಈ ಸುರಂಗಗಳನ್ನೂ ಇಲ್ಲಿನ ಬಾವಿಗಳನ್ನೂ ಕೋಲಿನಲ್ಲಿಯೇ ಅಳೆಯುವುದು ರೂಢಿ. ಒಂದು ಕೋಲೆಂದರೆ ಎರಡೂವರೆ ಅಡಿಗೆ ತುಸು ಹೆಚ್ಚುಕಡಿಮೆ. ಸಿದ್ಧ ಸ್ಕಿಲ್ ಅದನ್ನು 60 ಮೀಟರ್ ಎಂದು ಬರೆಯಿತು. ಅಳತೆಗಳನ್ನೆಲ್ಲ ಏಕರೂಪಕ್ಕೆ ತರಬೇಕು ಎಂಬ ಸೂಚನೆ ಅದರೊಳಗಿತ್ತು, ಕೋಲು ಏನೆಂಬುದು ಅದಕ್ಕೆ ತಿಳಿದಿರಲಿಲ್ಲ, ಕೇಳಬೇಕೆಂಬ ಸೂಚನೆಯೂ ಇರಲಿಲ್ಲ. ಬರಿಯ ಪ್ರಾಂಪ್ಟಿನಲ್ಲಿ 60 ಕೋಲು ಎಂದೇ ಉಳಿಯಿತು. ಇದರಲ್ಲಿ ಪ್ರಾಂಪ್ಟೇ ಮೇಲು.

ಬೋರ್ಡೋ ದ್ರಾವಣದ ವಿಷಯದಲ್ಲಿ ತಪ್ಪು ಇನ್ನೂ ಸೂಕ್ಷ್ಮವಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕವನ್ನು ಎಲ್ಲ ಕಡತಗಳೂ ಸರಿಯಾಗಿಯೇ ಬರೆದವು. ತಪ್ಪಿದ್ದು ಕ್ರಮದಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು, ತಿರುಗುಮುರುಗಾಗಬಾರದು. ಸಭೆಯಲ್ಲಿ ಒಬ್ಬರು ಮೊದಲು ತಪ್ಪಾಗಿ ಹೇಳಿ, ಅರ್ಧ ನಿಮಿಷದ ಅನಂತರ ಪಕ್ಕದವರು ತಿದ್ದಿದಾಗ "ಹೌದು ಹೌದು, ಅದುವೇ" ಎಂದು ಒಪ್ಪಿದ್ದರು. ಒಂದು ಕಡತ ಮೊದಲು ಹೇಳಿದ್ದನ್ನೇ ಹಿಡಿದುಕೊಂಡಿತು. ಮಾತಿನಲ್ಲಿ ತಿದ್ದುಪಡಿಗಳು ಇದ್ದೇ ಇರುತ್ತವೆ. ತಡವಾಗಿ ಬಂದ ತಿದ್ದುಪಡಿ ಹಿಂದಿನ ಮಾತನ್ನು ರದ್ದುಮಾಡುತ್ತದೆ ಎಂಬುದನ್ನು ಸ್ಕಿಲ್ ಗುರುತಿಸುತ್ತದೆಯೇ ಎಂದು ಬೇಕೆಂದೇ ಅಂತಹ ಭಾಗವನ್ನು ಕೊಟ್ಟು ನೋಡಬೇಕು.

ಅದೇ ವಿವರಣೆಯ ನಡುವೆ, ದ್ರಾವಣದಲ್ಲಿ ತಾಮ್ರ ಹೆಚ್ಚಾಗಿ ಉಳಿದಿದೆಯೇ ಎಂದು ತಿಳಿಯಲು ಹರಿತವಾದ ಚೂರಿಯನ್ನು ಅದ್ದಿ ನೋಡಬೇಕು, ಅಲಗಿನ ಮೇಲೆ ಕೆಂಬಣ್ಣ ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು ಎಂಬ ಮಾತು ಬಂದಿತ್ತು. ಸುರಂಗದ ಕತೆಯ ನಡುವೆಯೂ ಅಂತಹುದೇ ಒಂದು ಮಾತಿತ್ತು: ಒಳಗೆ ಹೋಗುವವರು ದೀಪವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು, ದೀಪ ಮಂಕಾದರೆ ಕೆಲಸವನ್ನು ಅಲ್ಲಿಗೇ ಬಿಟ್ಟು ಹೊರಬರಬೇಕು, ಏಕೆಂದರೆ ಉಸಿರಾಡುವ ಗಾಳಿ ಸಾಲದು ಎಂಬುದನ್ನು ದೀಪ ಮೊದಲು ಹೇಳುತ್ತದೆ. ಸಿದ್ಧ ಸ್ಕಿಲ್ಲಿನ ಕಾರ್ಯವಿಧಾನದ ಪುಟದಲ್ಲಿ ಚೂರಿಯೂ ಇರಲಿಲ್ಲ, ದೀಪವೂ ಇರಲಿಲ್ಲ. ಎರಡೂ ಕತೆಯ ರೂಪದಲ್ಲಿ ಬಂದ ಕಾರಣ ಅದು ಅವುಗಳನ್ನು ಹರಟೆಯೆಂದು ಎಣಿಸಿತ್ತು. ಹರಟೆಯನ್ನು ತೆಗೆದುಹಾಕು ಎಂಬ ಸೂಚನೆ ಅದರಲ್ಲಿತ್ತು. ನಮ್ಮ ಹಿರಿಯರು ಎಚ್ಚರಿಕೆಯನ್ನು ಅಂಕಿ ಹಾಕಿ ಹೇಳುವವರಲ್ಲ. "ಒಮ್ಮೆ ಏನಾಯಿತೆಂದರೆ" ಎಂದು ಆರಂಭಿಸುತ್ತಾರೆ. ಆ ಕತೆಯನ್ನು ಕಳೆದುಕೊಂಡ ಕಡತದಲ್ಲಿ ಉಳಿಯುವುದು ಪುಸ್ತಕದಲ್ಲಿ ಹೇಗೂ ಸಿಗುವ ಲೆಕ್ಕ ಮಾತ್ರ. ಸುರಂಗ ತೋಡಲು ಬಲ್ಲವರು ಊರೂರಿನಲ್ಲಿ ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ ಇದನ್ನು ಸಣ್ಣ ಲೋಪವೆಂದು ನನಗೆ ಎಣಿಸಲಾಗುವುದಿಲ್ಲ.

ಸ್ವಂತ ಸ್ಕಿಲ್ಲಿನ ದಾರಿ

ಈ ತಪ್ಪುಗಳನ್ನು ಕಂಡ ಮೇಲೆ ನಾನೇ ಒಂದು ಸ್ಕಿಲ್ ಬರೆದೆ. ಪ್ರೋಗ್ರಾಂ ಬರೆಯಲು ಬಾರದವರಿಗೂ ಇದು ಸಾಧ್ಯ. ಬೇಕಾದದ್ದು ಒಂದೂವರೆ ಪುಟದಷ್ಟು ಸ್ಪಷ್ಟವಾದ ಬರಹ. ಫೋಲ್ಡರಿನ ಹೆಸರನ್ನೂ ಸ್ಕಿಲ್ಲಿನ ಹೆಸರನ್ನೂ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡ್ಡಗೆರೆಗಳಲ್ಲಿಯೇ ಇಡಬೇಕು. ವಿವರಣೆಯನ್ನು ಕನ್ನಡದಲ್ಲಿ ಬರೆಯಬಹುದು, ಬರೆಯಲೇಬೇಕು ಎನ್ನುತ್ತೇನೆ. ಸಿದ್ಧ ಸ್ಕಿಲ್ಲುಗಳ ವಿವರಣೆ ಇಂಗ್ಲಿಷಿನಲ್ಲಿರುವುದರಿಂದ, "ನಿನ್ನೆಯ ಸಭೆಯದ್ದನ್ನು ಒಂದು ಪುಸ್ತಕಕ್ಕೆ ಹಾಕಿ ಕೊಡು" ಎಂದು ನಾವು ಕೇಳುವ ರೀತಿಗೆ ಅದು ಕೆಲವೊಮ್ಮೆ ಎಚ್ಚೆತ್ತುಕೊಳ್ಳುವುದೇ ಇಲ್ಲ. ಏಜೆಂಟ್ ಸ್ಕಿಲ್ಲನ್ನು ತೆರೆಯದೆ ತನಗೆ ತೋಚಿದಂತೆ ಬರೆದುಬಿಡುತ್ತದೆ, ಬಳಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ನಡಾವಳಿ, ಗತಸಭೆಯ ವರದಿ, ಠರಾವು, ಟಿಪ್ಪಣಿ ಎಂಬ ನಮ್ಮ ಮಾತುಗಳನ್ನು ವಿವರಣೆಯಲ್ಲಿ ಸೇರಿಸಿದ ಮೇಲೆ ಈ ತೊಂದರೆ ಬರಲಿಲ್ಲ.

ಒಳಗಿನ ಸೂಚನೆಗಳಲ್ಲಿ ಮುಖ್ಯವಾದವು ಇಷ್ಟೇ. ನಿರ್ಣಯವೆಂದು ಬರೆಯಬೇಕಾದರೆ ಒಪ್ಪಿಗೆಯ ಮಾತು ಪಠ್ಯದಲ್ಲಿ ಇರಬೇಕು, ಆ ಮಾತನ್ನು ಸಾಲುಸಂಖ್ಯೆಯೊಡನೆ ಪಕ್ಕದಲ್ಲಿ ಉದ್ಧರಿಸಬೇಕು. "ನೋಡುವ", "ತೂಕ", "ನೋಕ್ಕಾಂ" ಎಂಬವು ಬಂದಲ್ಲಿ ವಿಷಯವನ್ನು ಉಳಿದ ವಿಚಾರಗಳ ಅಂಕಣಕ್ಕೆ ಹಾಕಬೇಕು. ಊರಿನ ಅಳತೆಯನ್ನು ಬದಲಾಯಿಸಕೂಡದು. ಕತೆಯೊಳಗಿನ ಎಚ್ಚರಿಕೆಯನ್ನು ಹೇಳಿದವರ ಮಾತಿನಲ್ಲಿಯೇ ಉಳಿಸಬೇಕು. ಅರ್ಥವಾಗದ ಪದ ಕಂಡರೆ ಊಹಿಸದೆ ಕೊನೆಯಲ್ಲಿ ಪ್ರಶ್ನೆಯಾಗಿ ಕೇಳಬೇಕು. ಇದರ ಜೊತೆಗೆ ಬೇರೆ ಫೈಲಿನಲ್ಲಿ ನಲವತ್ತು ಪದಗಳ ಒಂದು ಪಟ್ಟಿಯನ್ನಿಟ್ಟೆ: ಕೋಲು, ಮುಕ್ಕಾಲು, ಮಲಯಾಳದಲ್ಲಿ ಒಂದೂವರೆಗೆ ಹೇಳುವ "ಒನ್ನರ", ಮೈಲುತುತ್ತು, ಮದಕ, ಹೀಗೆ. ಅದೇ ಜನವರಿಯ ಪಠ್ಯವನ್ನು ಕೊಟ್ಟಾಗ ನಿರ್ಣಯ ಎರಡು, ಉಳಿದ ವಿಚಾರ ಮೂರು ಎಂದು ಮೂರು ಸಲವೂ ಒಂದೇ ರೀತಿ ಬಂತು. ಚೂರಿಯೂ ದೀಪವೂ ಇದ್ದವು. ಭಾಷೆ ಮಾತ್ರ ಸಿದ್ಧ ಸ್ಕಿಲ್ಲಿನಷ್ಟು ನಯವಾಗಿರಲಿಲ್ಲ.

ಸಿದ್ಧ ಸ್ಕಿಲ್ಲಿಗೆ ನ್ಯಾಯ ಸಲ್ಲಿಸಬೇಕಾದ ಒಂದು ವಿಷಯವಿದೆ. ಹೊಸ ಪುಟ ಮಾಡುವ ಮೊದಲು ಇದೇ ವಿಷಯದ ಹಳೆಯ ಪುಟ ಇದೆಯೇ ಎಂದು ಹುಡುಕಿ, ಇದ್ದರೆ ಅದಕ್ಕೇ ಸೇರಿಸುವ ಕೆಲಸವನ್ನು ಅದು ಚೆನ್ನಾಗಿ ಮಾಡಿತು. ನನ್ನ ಸ್ಕಿಲ್ ಪ್ರತಿ ಸಭೆಗೂ ಹೊಸ ಫೈಲನ್ನು ಮಾಡುತ್ತದೆ, ಆರು ತಿಂಗಳಾದ ಮೇಲೆ ಸುರಂಗದ ಮಾತು ಐದು ಕಡೆ ಚದುರಿರುತ್ತದೆ. ನೂರಾರು ಪುಟಗಳ ದಾಖಲೆ ಈಗಾಗಲೇ ಇರುವ ಸಂಸ್ಥೆಗೆ ಈ ಒಂದು ಗುಣವೇ ನಿರ್ಣಾಯಕ. ಅಂತಹವರು ಸಿದ್ಧ ಸ್ಕಿಲ್ಲನ್ನು ತೆಗೆದುಕೊಂಡು, ಅದರ ನಮೂನೆಗೆ ಉಳಿದ ವಿಚಾರಗಳ ಅಂಕಣವನ್ನೂ ಊರಿನ ಪದಪಟ್ಟಿಯನ್ನೂ ಸೇರಿಸಿಕೊಳ್ಳುವುದು ಮೇಲು. ಫೈಲುಗಳು ಪಠ್ಯವೇ ಆದ್ದರಿಂದ ಅದಕ್ಕೆ ಅಡ್ಡಿಯಿಲ್ಲ. ಮರುಬಳಕೆಯ ಅನುಮತಿ ಹೇಗಿದೆ ಎಂದು ಮಾತ್ರ ನೋಡಿಕೊಳ್ಳಬೇಕು. ಸಿದ್ಧ ಸ್ಕಿಲ್ಲಿನ ಜೊತೆಗೆ ಬರುವ ಪ್ರೋಗ್ರಾಂ ಫೈಲುಗಳನ್ನು, ಗುರುತಿಲ್ಲದವರು ಕೊಟ್ಟದ್ದಾದರೆ, ತಿಳಿದವರಿಗೆ ತೋರಿಸದೆ ಓಡಿಸಕೂಡದು. ಅವು ನಮ್ಮ ಕಂಪ್ಯೂಟರಿನಲ್ಲಿರುವ ಬೇರೆ ಕಡತಗಳನ್ನೂ ಮುಟ್ಟಬಲ್ಲವು.

ವರ್ಷಕ್ಕೊಮ್ಮೆ ಒಂದು ಸಂದರ್ಶನವನ್ನೋ ಒಂದು ಸಭೆಯನ್ನೋ ಬರೆಯುವವರಿಗೆ ಪ್ರಾಂಪ್ಟೇ ಸಾಕು. ಮೇಲೆ ಹೇಳಿದ ಐದು ಸೂಚನೆಗಳನ್ನು ಅದರೊಳಗೇ ಸೇರಿಸಿದರಾಯಿತು.

ಯಾವ ಮಾತನ್ನು ಕೊಡಬಾರದು

ಸ್ಕಿಲ್ ನಮ್ಮ ಫೋಲ್ಡರಿನಲ್ಲಿದ್ದರೂ ಓದುವ ಎಐ ಬಹುತೇಕ ದೂರದ ಸರ್ವರಿನಲ್ಲಿರುತ್ತದೆ. ಖರೀದಿಯ ಮಾತು ಅಲ್ಲಿಗೆ ಹೋದರೆ ಹಾನಿಯಿಲ್ಲ. ನಮ್ಮ ಜಿಲ್ಲೆಯಲ್ಲಿ ಬೇರೆ ಬಗೆಯ ಮಾತುಗಳೂ ಇವೆ. ಗೇರುತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದಿಂದ ಎಣ್ಮಕಜೆಯ ಕಡೆಯ ಮನೆಗಳು ಅನುಭವಿಸಿದ್ದನ್ನು, ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಷೇಧಿಸಿದ ಇಷ್ಟು ವರ್ಷಗಳ ಮೇಲೂ, ತಾಯಂದಿರು ಹೇಳುತ್ತಿದ್ದಾರೆ, ಅದನ್ನು ದಾಖಲಿಸುವವರೂ ಇದ್ದಾರೆ. ಮಕ್ಕಳ ಕಾಯಿಲೆಯ ವಿವರವಿರುವ ಅಂತಹ ಮಾತನ್ನು, ಅದು ಎಲ್ಲಿಗೆ ಹೋಗುತ್ತದೆ ಎಂದು ಅವರ ಭಾಷೆಯಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯದೆ ಯಾವ ಸೇವೆಗೂ ಅಂಟಿಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಬಗ್ಗೆ ಹೇಳುವುದಿರಲಿ, ಜಗಲಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಟ್ಟವರಿಗೆ ನಾವು ಸಲ್ಲಿಸಬೇಕಾದ ಮರ್ಯಾದೆಯೇ ಅದನ್ನು ಬಯಸುತ್ತದೆ. ಹೆಸರುಗಳನ್ನು ತೆಗೆದು ಕೊಡುವುದು ಒಂದು ಉಪಾಯ, ಆದರೆ ಸಣ್ಣ ಊರಿನಲ್ಲಿ ಮನೆಯ ಗುರುತು ಹೆಸರಿಲ್ಲದೆಯೂ ಸಿಗುತ್ತದೆ.

ಕಡತ ಕೊನೆಗೆ ಎಲ್ಲಿ ಉಳಿಯುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಚಂದಾ ನಿಂತೊಡನೆ ತೆರೆಯದಂತಾಗುವ ಸೇವೆಯೊಳಗೆ ಐದು ವರ್ಷದ ನಡಾವಳಿಯನ್ನು ಇಡುವುದು ಸರಿಯಲ್ಲ. ನಾನು ಸರಳ ಪಠ್ಯದ ಫೈಲಾಗಿಯೇ ಇಡುತ್ತೇನೆ, ಅಚ್ಚು ತೆಗೆದು ಹಳೆಯ ಪುಸ್ತಕಕ್ಕೆ ಅಂಟಿಸುತ್ತೇನೆ.

ಅಂಟಿಸುವ ಮೊದಲು ಅದನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಗತಸಭೆಯ ವರದಿಯನ್ನು ಓದಿ ಒಪ್ಪಿಗೆ ಪಡೆಯುವ ಈ ಪದ್ಧತಿ ನಮ್ಮ ಎಲ್ಲ ಸಂಘಗಳಲ್ಲಿಯೂ ಮೊದಲಿನಿಂದ ಇರುವುದೇ. ಫೆಬ್ರವರಿಯಲ್ಲಿ ಓದಿದಾಗ ಸುರಂಗದ ಸಾಲು ಬರುತ್ತಿದ್ದಂತೆ ಆ ಹಿರಿಯರು ಕೈಯೆತ್ತಿದರು. ಅರವತ್ತು ಕೋಲು ಎಂಬುದು ಕವಲಿನವರೆಗೆ ಮಾತ್ರ, ಬಲಗಡೆಯ ಕವಲಿನಲ್ಲಿ ಇನ್ನೂ ಹನ್ನೆರಡು ಕೋಲಿದೆ, ಅದನ್ನು ಹೋದ ಸಲ ಹೇಳಲು ಬಿಟ್ಟುಹೋಗಿತ್ತು ಎಂದರು. ಆ ಸಾಲನ್ನು ಪೆನ್ನಿನಲ್ಲಿ ಬರೆದುಕೊಂಡೆ.